ಪಾರ್ಲರಿನಲ್ಲಿ ಯಾವ ಮೆನಿಕ್ಯೂರ್ ಮಾಡಿಸಿಕೊಳ್ಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಬಡಾವಣೆಯೊಂದರ ಬ್ಯೂಟಿ ಪಾರ್ಲರಿನಲ್ಲಿ ಹಲವು ವರ್ಷಗಳಿಂದ ಕೈ ಮತ್ತು ಉಗುರುಗಳ ಆರೈಕೆಯ ಕೆಲಸ ಮಾಡುತ್ತಾ ಬಂದಿದ್ದೇನೆ. ನನ್ನೆದುರು ಕೈ ಚಾಚಿ ಕುಳಿತವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವುದು ಚೆನ್ನಾಗಿ ಕಾಣುತ್ತದೆ ಎಂದು, ಆಮೇಲೆ ಕೇಳುವುದು ಯಾವುದು ಹೆಚ್ಚು ದಿನ ಬರುತ್ತದೆ ಎಂದು. "ಇದನ್ನು ತೆಗೆಯುವುದು ಹೇಗೆ?" ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಉಗುರು ಹಾಳುಮಾಡಿಕೊಂಡು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರಿಗೆ ತೊಂದರೆಯಾಗಿರುವುದು ಬಣ್ಣ ತೆಗೆಯುವಾಗ. ಆದ್ದರಿಂದ ಕೆಳಗಿನ ಉತ್ತರಗಳಲ್ಲೆಲ್ಲ ಆ ಮೂರನೆಯ ಪ್ರಶ್ನೆಯನ್ನೇ ಮುಂದಿಟ್ಟುಕೊಂಡಿದ್ದೇನೆ.

ದರಪಟ್ಟಿಯಲ್ಲಿ ಹತ್ತಾರು ಹೆಸರುಗಳಿರುತ್ತವೆ. ಅವೆಲ್ಲ ನಿಜವಾಗಿಯೂ ಬೇರೆ ಬೇರೆ ಮೆನಿಕ್ಯೂರ್‌ಗಳೇ?

ಅಲ್ಲ. ಗೋಡೆಯ ಮೇಲಿನ ದರಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದರಲ್ಲಿರುವುದು ಮೂರು ಬಗೆಯ ಕೆಲಸ. ಮೊದಲನೆಯದು ಕೈಯ ಆರೈಕೆ: ಉಗುರು ಕತ್ತರಿಸಿ, ಫೈಲ್ ಮಾಡಿ (ಅಂದರೆ ಒರಟು ಪಟ್ಟಿಯಿಂದ ಉಜ್ಜಿ ಆಕಾರ ಕೊಟ್ಟು), ಬುಡದ ಸಿಪ್ಪೆಯನ್ನು ಸರಿಪಡಿಸಿ, ಸ್ಕ್ರಬ್ ಹಚ್ಚಿ ತಿಕ್ಕಿ, ಕ್ರೀಮಿನಿಂದ ಮಸಾಜ್ ಮಾಡುವುದು. ಬೇಸಿಕ್, ಸ್ಪಾ, ಪ್ಯಾರಾಫಿನ್, ಚಾಕೊಲೇಟ್ ಎಂದೆಲ್ಲ ಕರೆಸಿಕೊಳ್ಳುವವು ಈ ಗುಂಪಿನವು. ಎರಡನೆಯದು ಇರುವ ಉಗುರಿಗೆ ಬಣ್ಣ ಕೊಡುವುದು. ಸಾಮಾನ್ಯ ನೇಲ್ ಪಾಲಿಶ್, ಜೆಲ್ ಪಾಲಿಶ್ ಮತ್ತು ಡಿಪ್ ಪೌಡರ್ ಇಲ್ಲಿಗೆ ಸೇರುತ್ತವೆ. ಮೂರನೆಯದು ಇಲ್ಲದ ಉದ್ದವನ್ನು ಕೊಡುವುದು. ಅಕ್ರಿಲಿಕ್, ಹಾರ್ಡ್ ಜೆಲ್, ಪಾಲಿಜೆಲ್ ಎಕ್ಸ್‌ಟೆನ್ಷನ್‌ಗಳು ಮತ್ತು ಅಂಟಿಸಿಕೊಳ್ಳುವ ಸಿದ್ಧ ಉಗುರುಗಳು ಈ ಗುಂಪಿನವು.

ಫ್ರೆಂಚ್ ಮೆನಿಕ್ಯೂರ್ ಈ ಮೂರರಲ್ಲಿ ಯಾವುದೂ ಅಲ್ಲ. ಅದು ತುದಿಯಲ್ಲಿ ಬಿಳಿ ಪಟ್ಟಿ, ಉಳಿದೆಡೆ ತಿಳಿಗುಲಾಬಿ ಇರುವ ಒಂದು ವಿನ್ಯಾಸ. ಅದನ್ನು ಸಾಮಾನ್ಯ ಪಾಲಿಶ್‌ನಲ್ಲಿಯೂ ಬಿಡಿಸಬಹುದು, ಜೆಲ್‌ನಲ್ಲಿಯೂ ಬಿಡಿಸಬಹುದು. ಹೆಸರು ಫ್ರಾನ್ಸಿನದಾದರೂ ಅದನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಆರ್ಲಿ ಕಂಪನಿಯ ಸ್ಥಾಪಕ ಜೆಫ್ ಪಿಂಕ್. ಪದೇ ಪದೇ ಉಡುಪು ಬದಲಿಸಬೇಕಾದ ಹಾಲಿವುಡ್ ನಟಿಯರಿಗೆ ಎಲ್ಲ ಬಟ್ಟೆಗೂ ಒಪ್ಪುವ ಉಗುರು ಬೇಕಾಗಿದ್ದಾಗ ಹುಟ್ಟಿದ ಉಪಾಯ ಅದು. ಹಾಗಾಗಿ "ಫ್ರೆಂಚ್ ಮಾಡಿ" ಎಂದಷ್ಟೇ ಹೇಳಿದರೆ ಸಾಲದು, ಯಾವುದರಲ್ಲಿ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಮೂರು ದಿನಕ್ಕೆ ಬೇಕಿದ್ದ ಬಣ್ಣ ಮೂರು ವಾರ ಉಗುರಿನ ಮೇಲೆ ಕುಳಿತುಬಿಡಬಹುದು.

ನನಗೆ ಬಣ್ಣ ಬೇಡ, ಕೈ ಸ್ವಚ್ಛವಾಗಿ ಕಂಡರೆ ಸಾಕು. ಏನು ಮಾಡಿಸಲಿ?

ಬೇಸಿಕ್ ಮೆನಿಕ್ಯೂರ್ ಸಾಕು. ಪಾತ್ರೆ ತೊಳೆದು, ಬಟ್ಟೆ ಒಗೆದು ಒಣಗಿದ ಕೈಗಳಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಈಚೆಗೆ ಗಂಡಸರೂ ಸಂಕೋಚವಿಲ್ಲದೆ ಬಂದು ಮಾಡಿಸಿಕೊಳ್ಳುತ್ತಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಉಗುರಿನ ಮೇಲ್ಮೈಯನ್ನು ಬಫರ್‌ನಿಂದ ಹದವಾಗಿ ಉಜ್ಜಿದರೆ ಬಣ್ಣವಿಲ್ಲದೆಯೂ ಒಳ್ಳೆಯ ಹೊಳಪು ಬರುತ್ತದೆ. ಆದರೆ ಬಫರ್ ಹೊಳಪು ತರುವುದು ಉಗುರಿನ ಮೇಲ್ಪದರವನ್ನು ಸವೆಸಿಯೇ ಆದ್ದರಿಂದ ಪ್ರತಿ ವಾರವೂ ಅದನ್ನು ಮಾಡಿಸಬಾರದು. ತಿಂಗಳಿಗೊಮ್ಮೆ ಎಂದರೆ ಧಾರಾಳವಾಯಿತು.

ಪ್ಯಾರಾಫಿನ್ ಮೆನಿಕ್ಯೂರ್‌ಗೆ ಅಷ್ಟು ಹಣ ಕೊಡುವುದು ಸಾರ್ಥಕವೇ?

ಚಳಿಗಾಲದಲ್ಲಿ ಒಡೆದ ಕೈಗಳಿಗೆ ಸಾರ್ಥಕ. ಕರಗಿಸಿದ ಬೆಚ್ಚನೆಯ ಮೇಣದಲ್ಲಿ ಕೈಯನ್ನು ಕೆಲವು ಸಲ ಅದ್ದಿ ತೆಗೆದು ಮುಚ್ಚಿಟ್ಟಾಗ ಶಾಖ ನಿಧಾನವಾಗಿ ಒಳಗಿಳಿಯುತ್ತದೆ, ಚರ್ಮದ ತೇವ ಹೊರಗೆ ಹೋಗದೆ ಉಳಿಯುತ್ತದೆ. ಬಿಗಿದ ಬೆರಳುಗಳಿಗೆ ಫಿಸಿಯೋಥೆರಪಿಯವರು ಕೊಡುವ ಮೇಣದ ಶಾಖವೂ ಇದೇ ಬಗೆಯದು. ಗಾಯವಿದ್ದವರಿಗೆ, ಕಜ್ಜಿ ಇದ್ದವರಿಗೆ, ಮಧುಮೇಹದಿಂದ ಬೆರಳುಗಳ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಇದು ಬೇಡ, ಏಕೆಂದರೆ ಮೇಣ ಹೆಚ್ಚು ಬಿಸಿಯಾಗಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಉಳಿದಂತೆ ಚಾಕೊಲೇಟ್, ವೈನ್ ಮುಂತಾದ ಹೆಸರುಗಳಿಗೆ ಹೆಚ್ಚು ಹಣ ಕೊಡುವುದು ಪರಿಮಳಕ್ಕೆ ಕೊಟ್ಟಂತೆ. ಆ ಪರಿಮಳ ನಿಮಗೆ ಹಿತವೆನಿಸಿದರೆ ಕೊಡಿ, ಉಗುರಿಗಂತೂ ಅದರಿಂದ ಹೆಚ್ಚಿನ ಲಾಭವಿಲ್ಲ.

ಉಗುರಿನ ಬುಡದ ಸಿಪ್ಪೆಯನ್ನು, ಅಂದರೆ ಕ್ಯೂಟಿಕಲ್ ಅನ್ನು, ಕತ್ತರಿಸಿಸಬೇಕೇ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಯಾವ ಮೆನಿಕ್ಯೂರ್ ಆರಿಸಿದರೂ ಈ ಹಂತ ಬಂದೇ ಬರುತ್ತದೆ. ನಮ್ಮ ಕಣ್ಣಿಗೆ ಕಾಣುವ ಉಗುರು ಕೆರಾಟಿನ್ ತುಂಬಿದ ನಿರ್ಜೀವ ಕೋಶಗಳ ಪದರ. ಅದು ಹುಟ್ಟುವ ಜೀವಂತ ಭಾಗ ಬುಡದ ಚರ್ಮದ ಅಡಿಯಲ್ಲಿದೆ. ಚರ್ಮ ಮತ್ತು ಉಗುರು ಕೂಡುವ ಸಂದಿಯಲ್ಲಿ ನೀರು, ಕೊಳೆ, ಸೂಕ್ಷ್ಮಜೀವಿಗಳು ಒಳನುಗ್ಗದಂತೆ ಆ ತೆಳುವಾದ ಸಿಪ್ಪೆ ಬಾಗಿಲಿನ ಹಾಗೆ ಮುಚ್ಚಿಕೊಂಡಿರುತ್ತದೆ. ಅಂದಕ್ಕಾಗಿ ಅದನ್ನು ಚರ್ಮ ಕತ್ತರಿಸುವ ಸಣ್ಣ ಇಕ್ಕಳವಾದ ನಿಪ್ಪರ್‌ನಿಂದ ಪೂರ್ತಿ ಕತ್ತರಿಸಿದರೆ ಬಾಗಿಲು ತೆರೆದಂತಾಗುತ್ತದೆ. ನಮ್ಮ ಅಜ್ಜಿಯಂದಿರು ನಿಂಬೆಹಣ್ಣಿಗೆ ಬೆರಳು ಚುಚ್ಚಿಸಿ ಗುಣಪಡಿಸಲು ನೋಡುತ್ತಿದ್ದ ಉಗುರುಸುತ್ತು ಶುರುವಾಗುವುದು ಬಹುಪಾಲು ಇಲ್ಲಿಂದಲೇ: ಬುಡ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ರಾತ್ರಿಯಿಡೀ ಮಿಡಿಯುತ್ತದೆ, ಕೊನೆಗೆ ಕೀವಾಗುತ್ತದೆ.

ಸರಿಯಾದ ಕ್ರಮವೆಂದರೆ ಬೆಚ್ಚನೆಯ ನೀರಿನಲ್ಲಿ ಅಥವಾ ಕ್ಯೂಟಿಕಲ್ ಕ್ರೀಮಿನಲ್ಲಿ ಅದನ್ನು ಮೆದುಗೊಳಿಸಿ, ಮರದ ಕಡ್ಡಿಯಿಂದ ನಿಧಾನವಾಗಿ ಹಿಂದಕ್ಕೆ ಒತ್ತಿ, ಉಗುರಿನ ಮೇಲೆ ಅಂಟಿಕೊಂಡು ಉಳಿದ ಒಣ ಪೊರೆಯನ್ನಷ್ಟೇ ಉಜ್ಜಿ ತೆಗೆಯುವುದು. ಬದಿಯಲ್ಲಿ ಕಿತ್ತು ನಿಂತ ಒಣ ಚರ್ಮವಿದ್ದರೆ ಅದನ್ನು ಮಾತ್ರ ಕತ್ತರಿಸಬಹುದು. "ಕತ್ತರಿಸಬೇಡಿ, ಹಿಂದಕ್ಕೆ ಒತ್ತಿ" ಎಂದು ಕುರ್ಚಿಯಲ್ಲಿ ಕುಳಿತ ಕೂಡಲೇ ಹೇಳಿಬಿಡಿ. ಇದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ.

ಈಗ ಹೆಚ್ಚು ಕೇಳಿಬರುತ್ತಿರುವ ರಷ್ಯನ್ ಮೆನಿಕ್ಯೂರ್‌ನಲ್ಲಿ ನೀರು ಬಳಸದೆ, ತಿರುಗುವ ಸಣ್ಣ ಯಂತ್ರದ ತುದಿಯಿಂದ ಬುಡದ ಸಿಪ್ಪೆಯನ್ನು ಪೂರ್ತಿ ನುಣುಪಾಗಿಸುತ್ತಾರೆ. ಬಣ್ಣ ಬುಡದವರೆಗೂ ಕೂರುವುದರಿಂದ ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ, ಬೆಳೆದ ಗೆರೆಯೂ ತಡವಾಗಿ ಕಾಣುತ್ತದೆ. ಆದರೆ ಯಂತ್ರ ಒಂದು ಕ್ಷಣ ಹೆಚ್ಚು ಹೊತ್ತು ಒಂದೇ ಕಡೆ ನಿಂತರೂ ಉಗುರಿನಲ್ಲಿ ಗೀರು ಬೀಳುತ್ತದೆ. ಚೆನ್ನಾಗಿ ಪಳಗಿದ ಕೈಯವರು ಸಿಕ್ಕರೆ ಮಾತ್ರ ಮಾಡಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಸಾಮಾನ್ಯ ನೇಲ್ ಪಾಲಿಶ್‌ಗೂ ಜೆಲ್ ಪಾಲಿಶ್‌ಗೂ ಇರುವ ವ್ಯತ್ಯಾಸವೇನು?

ಸಾಮಾನ್ಯ ಪಾಲಿಶ್ ಎಂದರೆ ನೈಟ್ರೋಸೆಲ್ಯುಲೋಸ್‌ನಂಥ ವಸ್ತುವನ್ನು ಬೇಗ ಆವಿಯಾಗುವ ದ್ರವದಲ್ಲಿ ಕರಗಿಸಿ ಬಣ್ಣ ಬೆರೆಸಿದ್ದು. ದ್ರವ ಆರಿಹೋದಾಗ ಬಣ್ಣದ ಪೊರೆ ಉಳಿಯುತ್ತದೆ. ರಿಮೂವರ್ ತಾಗಿಸಿದರೆ ಅದು ಮತ್ತೆ ಕರಗುತ್ತದೆ. ಜೆಲ್ ಹಾಗೆ ಆರುವುದಿಲ್ಲ. ಅದನ್ನು ಲ್ಯಾಂಪಿನ ನೇರಳಾತೀತ ಬೆಳಕಿನ ಕೆಳಗೆ ಹಿಡಿದಾಗ ಅದರಲ್ಲಿರುವ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಜಾಲವಾಗುತ್ತವೆ. ಆ ಕಾರಣಕ್ಕೇ ಪಾರ್ಲರಿನಿಂದ ಹೊರಬಿದ್ದ ಕೂಡಲೇ ಕೈಯನ್ನು ಪರ್ಸಿನೊಳಗೆ ಹಾಕಿದರೂ ಅದು ಕದಡುವುದಿಲ್ಲ, ಎರಡು ವಾರದವರೆಗೆ ಹೊಳಪು ಹಾಗೆಯೇ ಇರುತ್ತದೆ. ಆ ಕಾರಣಕ್ಕೇ ಸುಲಭವಾಗಿ ಹೋಗುವುದೂ ಇಲ್ಲ. ಸಿಎನ್‌ಡಿ ಕಂಪನಿಯ ಶೆಲಾಕ್ 2010ರಲ್ಲಿ ಬಂದ ಮೇಲೆ ಈ ಬಗೆಯ ಪಾಲಿಶ್ ಎಲ್ಲೆಡೆ ಹರಡಿತು. ಇವತ್ತಿಗೂ ಕೆಲವರು ಯಾವ ಕಂಪನಿಯ ಜೆಲ್ ಆದರೂ "ಶೆಲಾಕ್" ಎಂದೇ ಕರೆಯುತ್ತಾರೆ.

ಜೆಲ್ ತೆಗೆಯಲು ಮೇಲ್ಪದರವನ್ನು ಫೈಲರ್‌ನಿಂದ ಒರಟಾಗಿಸಿ, ಬಣ್ಣ ಕರಗಿಸುವ ದ್ರವವಾದ ಅಸಿಟೋನ್‌ನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಅಲ್ಯೂಮಿನಿಯಂ ಹಾಳೆ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಜೆಲ್ ಸುಕ್ಕುಗಟ್ಟಿ ತಾನಾಗಿ ಎದ್ದು ಬಂದಾಗ ಕಡ್ಡಿಯಿಂದ ಸರಿಸಬೇಕು. ಏಳದಿದ್ದರೆ ಮತ್ತೆ ಐದು ನಿಮಿಷ ನೆನೆಸಬೇಕೇ ಹೊರತು ಕೆರೆಯಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಮ್ಮೆ ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಬರುವಾಗ, ತುದಿಯಲ್ಲಿ ಎದ್ದಿದ್ದ ಜೆಲ್ಲನ್ನು ಬೇಸರಕ್ಕೆ ಒಂದೊಂದೇ ಬೆರಳಿನಿಂದ ಸುಲಿದುಹಾಕಿದೆ. ರಾಮನಗರ ದಾಟುವ ಹೊತ್ತಿಗೆ ಒಂದು ಕೈ ಮುಗಿದಿತ್ತು. ಸುಲಿದ ಕೆಂಪು ಚೂರನ್ನು ಹೊರಳಿಸಿ ನೋಡಿದರೆ ಅದರ ಬೆನ್ನಿಗೆ ಬಿಳಿ ಪುಡಿಯಂಥ ಪೊರೆ ಅಂಟಿಕೊಂಡಿತ್ತು. ಅದು ನನ್ನದೇ ಉಗುರಿನ ಮೇಲ್ಪದರ. ಮರುದಿನ ಬಿಸಿನೀರಿನ ಪಾತ್ರೆಗೆ ಬೆರಳಿಟ್ಟಾಗ ಉಗುರಿನ ಮೂಲಕವೇ ಬಿಸಿ ಚುರುಕ್ಕೆಂದಿತು. ಆ ಉಗುರುಗಳು ಮೊದಲಿನಂತಾಗಲು ಸುಮಾರು ಆರು ತಿಂಗಳು ಹಿಡಿಯಿತು.

ಆದ್ದರಿಂದ ಆಯ್ಕೆ ಹೀಗಿರಲಿ: ಒಂದು ಸಮಾರಂಭಕ್ಕಾಗಿ, ಎರಡು ಮೂರು ದಿನಕ್ಕಾಗಿ ಬಣ್ಣ ಬೇಕಿದ್ದರೆ, ಅಥವಾ ವಾರಕ್ಕೊಮ್ಮೆ ಬಣ್ಣ ಬದಲಿಸುವ ಆಸೆಯಿದ್ದರೆ ಸಾಮಾನ್ಯ ಪಾಲಿಶ್ ಸಾಕು. ಎರಡು ವಾರ ಒಂದೇ ಬಣ್ಣ ಇರಬೇಕಾಗಿದ್ದು, ಅದನ್ನು ತೆಗೆಸಲು ಮತ್ತೆ ಪಾರ್ಲರಿಗೆ ಬರುವ ಸಮಯ ಮತ್ತು ತಾಳ್ಮೆ ಎರಡೂ ಇದ್ದರೆ ಮಾತ್ರ ಜೆಲ್ ಆರಿಸಿಕೊಳ್ಳಿ. ನಮ್ಮ ಅಡುಗೆಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಕೈಯಿಂದ ಕಲಸಿ ಉಣ್ಣುವ ನಮಗೆ ತಿಳಿ ಬಣ್ಣದ ಜೆಲ್ ಮತ್ತು ಫ್ರೆಂಚ್ ವಿನ್ಯಾಸದ ಬಿಳಿ ಪಟ್ಟಿ ಅಷ್ಟಾಗಿ ಒಗ್ಗುವುದಿಲ್ಲ. ಸಾರು, ಹುಳಿ, ಉಪ್ಪಿನಕಾಯಿಯ ಅರಿಶಿನ ಅದಕ್ಕೆ ಹಿಡಿದು ಹಳದಿಯಾಗುತ್ತದೆ. ಬಿಸಿಲು ತಾಗಿದಂತೆ ಅರಿಶಿನದ ಬಣ್ಣ ಸ್ವಲ್ಪ ಮಾಸುತ್ತದೆಯಾದರೂ ಪೂರ್ತಿ ಹೋಗುತ್ತದೆಂದು ನಂಬಬೇಡಿ. ಕಡುಗೆಂಪು, ಮರೂನ್, ಕಂದು ಬಣ್ಣಗಳಿಗೆ ಈ ತೊಂದರೆಯಿಲ್ಲ.

ಜೆಲ್ ಒಣಗಿಸುವ ಲ್ಯಾಂಪಿನಿಂದ ಅಪಾಯವಿದೆಯೇ?

ಲ್ಯಾಂಪಿನ ಮೇಲೆ ಎಲ್‌ಇಡಿ ಎಂದು ಬರೆದಿದ್ದರೂ ಅದು ಹೊರಸೂಸುವುದು ಬಹುಮಟ್ಟಿಗೆ ನೇರಳಾತೀತ ಎ ಕಿರಣಗಳನ್ನೇ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಇಂಥ ಲ್ಯಾಂಪಿನ ಕೆಳಗೆ 20 ನಿಮಿಷ ಇಟ್ಟಾಗ ಶೇಕಡಾ 20ರಿಂದ 30ರಷ್ಟು ಕೋಶಗಳು ಸತ್ತವೆ, ಉಳಿದವುಗಳ ಡಿಎನ್‌ಎಗೂ ಹಾನಿಯಾಯಿತು ಎಂದು ಪ್ರಕಟಿಸಿದರು. ತಟ್ಟೆಯಲ್ಲಿರುವ ಕೋಶಗಳಿಗೆ ನಮ್ಮ ಚರ್ಮದ ಹೊರಪದರದ ರಕ್ಷಣೆ ಇರುವುದಿಲ್ಲ ಮತ್ತು ಒಂದು ಸಲದ ಜೆಲ್‌ಗೆ ಕೈ ಲ್ಯಾಂಪಿನ ಕೆಳಗಿರುವುದು ಕೆಲವೇ ನಿಮಿಷ. ಆದ್ದರಿಂದ ಆ ಅಂಕಿಯನ್ನು ಹಾಗೆಯೇ ಕೈಗೆ ಅನ್ವಯಿಸಿಕೊಂಡು ಗಾಬರಿಯಾಗಬೇಕಿಲ್ಲ. ಆದರೂ ಎಚ್ಚರ ವಹಿಸುವುದು ಸುಲಭವಿರುವಾಗ ಬಿಡುವುದೇಕೆ? ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುವಂತೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲವೇ ಬೆರಳ ತುದಿ ಮಾತ್ರ ತೆರೆದಿರುವ ಕಪ್ಪು ಕೈಗವಸು ಹಾಕಿಕೊಳ್ಳಿ. ಹಳೆಯ ಹತ್ತಿಯ ಕೈಗವಸಿನ ತುದಿ ಕತ್ತರಿಸಿ ತಂದರೂ ಆಗುತ್ತದೆ. ಬೆಳಕಿಗೆ ಚರ್ಮ ಬೇಗ ಕೆಂಪಾಗುವಂತೆ ಮಾಡುವ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕೇಳಬೇಕು.

ಲ್ಯಾಂಪಿನೊಳಗೆ ಉಗುರು ಒಮ್ಮೆಲೇ ಸುಟ್ಟಂತಾದರೆ ಕೈ ಹೊರತೆಗೆಯಿರಿ. ಜೆಲ್ ದಪ್ಪವಾಗಿ ಹಚ್ಚಿದಾಗ ಅದು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಯೇ ಶಾಖ ಉಂಟುಮಾಡುತ್ತದೆ. ತೆಳುವಾದ ಪದರಗಳಲ್ಲಿ ಹಚ್ಚಲು ಹೇಳಬೇಕು.

ಜೆಲ್‌ನಿಂದ ಅಲರ್ಜಿಯಾಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಲ್ಯಾಂಪಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಇದರ ಬಗ್ಗೆಯೇ. ಜೆಲ್ ಮತ್ತು ಅಕ್ರಿಲಿಕ್‌ಗಳಲ್ಲಿರುವ ಮೆಥಾಕ್ರಿಲೇಟ್ ಗುಂಪಿನ ವಸ್ತುಗಳು, ಅದರಲ್ಲಿಯೂ ಎಚ್‌ಇಎಂಎ, ಗಟ್ಟಿಯಾಗುವ ಮೊದಲು ಚರ್ಮಕ್ಕೆ ತಾಗಿದರೆ ಕೆಲವರಲ್ಲಿ ಅಲರ್ಜಿ ಹುಟ್ಟುತ್ತದೆ. ಉಗುರಿನ ಸುತ್ತ ತುರಿಕೆ, ಬಿರುಕು, ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಕೈ ತಾಗಿದಲ್ಲೆಲ್ಲ, ಅಂದರೆ ಕಣ್ಣಿನ ರೆಪ್ಪೆ, ಕೆನ್ನೆ, ಕತ್ತಿನಲ್ಲಿಯೂ ಕಾಣಿಸಿಕೊಳ್ಳಬಹುದು. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇದೇ ಗುಂಪಿನ ವಸ್ತುಗಳನ್ನು ಹಲ್ಲು ತುಂಬುವುದಕ್ಕೂ ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿಗೂ ಬಳಸುವುದರಿಂದ ತೊಂದರೆ ಉಗುರಿಗಷ್ಟೇ ನಿಲ್ಲದಿರಬಹುದು.

ಐರೋಪ್ಯ ಒಕ್ಕೂಟದಲ್ಲಿ ಎಚ್‌ಇಎಂಎ ಇರುವ ಉಗುರಿನ ಉತ್ಪನ್ನಗಳನ್ನು ತರಬೇತಿ ಪಡೆದವರು ಮಾತ್ರ ಬಳಸಬೇಕೆಂಬ ನಿಯಮ 2021ರಿಂದ ಇದೆ. ಜೆಲ್ ಗಟ್ಟಿಯಾಗಲು ನೆರವಾಗುವ ಟಿಪಿಒ ಎಂಬ ವಸ್ತುವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಲಾಗಿದೆ. ಇಲ್ಲಿ ನೀವು ಮಾಡಬಹುದಾದದ್ದು ಇಷ್ಟು: ಬಾಟಲಿ ತೋರಿಸಲು ಕೇಳಿ, ಈ ಎರಡೂ ಇಲ್ಲವೆಂದು ಬರೆದಿರುವ ಜೆಲ್ ಇದ್ದರೆ ಅದನ್ನೇ ಹಚ್ಚಿಸಿ, ಜೆಲ್ ಚರ್ಮದ ಮೇಲೆ ಹರಿದರೆ ಲ್ಯಾಂಪಿಗೆ ಹಿಡಿಯುವ ಮೊದಲೇ ಒರೆಸಲು ಹೇಳಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಿಟ್ ತರಿಸಿ ಮನೆಯಲ್ಲಿ ಮಾಡಿಕೊಳ್ಳುವುದು ಪಾರ್ಲರಿಗಿಂತ ಹೆಚ್ಚು ಅಪಾಯ, ಏಕೆಂದರೆ ಲ್ಯಾಂಪ್ ಮತ್ತು ಜೆಲ್ ಒಂದಕ್ಕೊಂದು ಹೊಂದದಿದ್ದರೆ ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ.

ಉಗುರು ಉದ್ದ ಬೇಕು. ಅಕ್ರಿಲಿಕ್, ಹಾರ್ಡ್ ಜೆಲ್, ಪಾಲಿಜೆಲ್ ಇವುಗಳಲ್ಲಿ ಯಾವುದು ಒಳ್ಳೆಯದು?

ಅಕ್ರಿಲಿಕ್ ಎಂದರೆ ದ್ರವ ಮತ್ತು ಪುಡಿಯನ್ನು ಬ್ರಷ್ಷಿನ ತುದಿಯಲ್ಲಿ ಕೂಡಿಸಿ ಉಗುರಿನ ಮೇಲೆ ಕಟ್ಟುವ ಪದರ. ಗಾಳಿಯಲ್ಲೇ ಗಟ್ಟಿಯಾಗುತ್ತದೆ, ಮೂರರಲ್ಲಿ ಹೆಚ್ಚು ಗಡುಸು, ವಾಸನೆಯೂ ಹೆಚ್ಚು. ಅಸಿಟೋನ್‌ನಲ್ಲಿ ಅರ್ಧ ಗಂಟೆಯಷ್ಟು ನೆನೆಸಿದರೆ ಬಿಡುತ್ತದೆ. ಹಾರ್ಡ್ ಜೆಲ್ ಲ್ಯಾಂಪಿನಲ್ಲಿ ಗಟ್ಟಿಯಾಗುತ್ತದೆ, ತೆಳುವಾಗಿ ಸಹಜವಾಗಿ ಕಾಣುತ್ತದೆ, ಆದರೆ ಅಸಿಟೋನ್‌ಗೆ ಬಗ್ಗುವುದಿಲ್ಲ. ಫೈಲ್ ಮಾಡಿಯೇ ಸವೆಸಬೇಕು. ಸವೆಸುವ ಕೈ ಒರಟಾದರೆ ಕೆಳಗಿನ ನಿಮ್ಮ ಉಗುರೂ ಸವೆಯುತ್ತದೆ. ಪಾಲಿಜೆಲ್ ಇವೆರಡರ ನಡುವಿನದು, ಹಗುರ, ವಾಸನೆ ಕಡಿಮೆ. ಇವುಗಳಲ್ಲಿ ಯಾವುದನ್ನು ಹಾಕಿಸಿದರೂ ಎರಡು ಮೂರು ವಾರಕ್ಕೊಮ್ಮೆ ಬುಡದಲ್ಲಿ ಬೆಳೆದ ಜಾಗ ತುಂಬಿಸಲು ರಿಫಿಲ್‌ಗೆ ಬರಲೇಬೇಕು. ಬರಲಾಗದಿದ್ದರೆ ಹಾಕಿಸಬೇಡಿ, ಏಕೆಂದರೆ ಬುಡ ಬೆಳೆದಂತೆ ಭಾರ ಮುಂದಕ್ಕೆ ಸರಿದು, ಬಾಗಿಲಿಗೋ ಕಾರಿನ ಹಿಡಿಕೆಗೋ ತಾಗಿದಾಗ ಕೃತಕ ಉಗುರಿನೊಂದಿಗೆ ನಿಜವಾದ ಉಗುರೂ ಮಾಂಸದಿಂದ ಎದ್ದುಬಿಡುತ್ತದೆ.

ಅಕ್ರಿಲಿಕ್ ತೀರ ಅಗ್ಗವಾಗಿ ಸಿಗುತ್ತಿದ್ದರೆ ಅನುಮಾನಪಡಿ. ಎಂಎಂಎ ಎಂಬ ಹಳೆಯ ದ್ರವದಿಂದ ಉಗುರು ಮತ್ತು ಚರ್ಮಕ್ಕೆ ಹಾನಿಯಾದ ದೂರುಗಳು ಬಂದ ಮೇಲೆ 1970ರ ದಶಕದಲ್ಲಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂಥ ಉತ್ಪನ್ನಗಳ ವಿರುದ್ಧ ಕ್ರಮ ಕೈಗೊಂಡಿತ್ತು. ಅದರ ಗುರುತು: ಮೂಗಿಗೆ ಬಡಿಯುವ ಘಾಟು, ಫೈಲ್ ಮಾಡಲು ಅತಿಯಾದ ಗಡಸುತನ, ಅಸಿಟೋನ್‌ನಲ್ಲಿ ಎಷ್ಟು ನೆನೆಸಿದರೂ ಬಿಡದಿರುವುದು.

ಒಂದೇ ದಿನಕ್ಕೆ ಉದ್ದ ಬೇಕಿದ್ದವರಿಗೆ ಅಂಟಿಸಿಕೊಳ್ಳುವ ಸಿದ್ಧ ಉಗುರುಗಳೇ ಮೇಲು. ಗಟ್ಟಿ ಅಂಟಿನ ಬದಲು ಅಂಟು ಪಟ್ಟಿ ಬಳಸಿದರೆ ಸಂಜೆ ಬೆಚ್ಚನೆಯ ಸೋಪಿನ ನೀರಿನಲ್ಲಿ ಕೈ ಇಟ್ಟುಕೊಂಡು ನಿಧಾನವಾಗಿ ತೆಗೆದಿಡಬಹುದು.

ಡಿಪ್ ಪೌಡರ್ ಎಂದರೇನು?

ಉಗುರಿಗೆ ಅಂಟು ಹಚ್ಚಿ ಬಣ್ಣದ ಪುಡಿಯಲ್ಲಿ ಅದ್ದುವುದು. ಆ ಅಂಟು ನಾವು ಮುರಿದ ವಸ್ತುಗಳಿಗೆ ಹಾಕುವ ಫೆವಿಕ್ವಿಕ್‌ನ ಕುಟುಂಬದ್ದು. ಲ್ಯಾಂಪ್ ಬೇಡ, ಬಾಳಿಕೆ ಜೆಲ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಹತ್ತು ಜನರ ಬೆರಳು ಅದ್ದಿದ ಡಬ್ಬಿಯಲ್ಲಿಯೇ ನಿಮ್ಮ ಬೆರಳನ್ನೂ ಅದ್ದಿಸಬಾರದು. ಪುಡಿಯನ್ನು ಚಮಚದಿಂದ ಮೇಲೆ ಉದುರಿಸಲು ಹೇಳಿ.

ನನ್ನ ಉದ್ಯೋಗಕ್ಕೆ ಯಾವುದು ಹೊಂದುತ್ತದೆ?

ಆಸ್ಪತ್ರೆಯಲ್ಲಿ ರೋಗಿಗಳನ್ನು ನೇರವಾಗಿ ಮುಟ್ಟುವ ವೈದ್ಯರು, ದಾದಿಯರು ಕೃತಕ ಉಗುರು ಹಾಕಬಾರದು. ಸಹಜ ಉಗುರಿನ ತುದಿಯೂ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಸ್ವಚ್ಛತೆಯ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಎಷ್ಟು ತೊಳೆದರೂ ಉದ್ದ ಉಗುರಿನ ಅಡಿಯಲ್ಲಿ ಸೂಕ್ಷ್ಮಜೀವಿಗಳು ಉಳಿಯುತ್ತವೆ. ಹಿಟ್ಟು ನಾದುವ, ಮುದ್ದೆ ಕಟ್ಟುವ, ಅಡುಗೆಯನ್ನೇ ವೃತ್ತಿ ಮಾಡಿಕೊಂಡವರಿಗೂ ಇದೇ ಮಾತು: ಗಿಡ್ಡ ಉಗುರು, ಬಣ್ಣವಿಲ್ಲದ ಬೇಸಿಕ್ ಮೆನಿಕ್ಯೂರ್. ಮೃದಂಗ, ತಬಲಾ ನುಡಿಸುವವರಿಗೆ ಉದ್ದ ಆಗದು. ವೀಣೆ ನುಡಿಸುವವರು ಮೀಟುವ ಬೆರಳುಗಳ ಉಗುರನ್ನು ಕತ್ತರಿಸುವ ಮೊದಲೇ ಹೇಳಿಬಿಡಬೇಕು. ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವವರಿಗೆ, ಬೆರಳ ತುದಿ ದಾಟದ ಉದ್ದಕ್ಕೆ ಜೆಲ್ ಚೆನ್ನಾಗಿ ಹೊಂದುತ್ತದೆ. ನಮಾಜಿಗೆ ಮೊದಲು ವುಝೂ, ಅಂದರೆ ಕೈಕಾಲು ಮುಖ ತೊಳೆಯುವ ವಿಧಿ, ಮಾಡುವವರಲ್ಲಿ ಹಲವರು ಉಗುರಿಗೆ ನೀರು ತಾಗಬೇಕೆಂದು ಬಣ್ಣವನ್ನೇ ಹಚ್ಚಿಸುವುದಿಲ್ಲ. ಅವರಿಗೆ ಬಫ್ ಮಾಡಿದ ಹೊಳಪು ಅಥವಾ ಮೆಹೆಂದಿ ಸೂಕ್ತ.

ಮದುವೆಗೆ ಯಾವುದು, ಎಷ್ಟು ದಿನ ಮೊದಲು?

ಮದುಮಗಳಿಗೆ ನಾನು ಹೇಳುವುದು ಜೆಲ್, ಅದೂ ತನ್ನದೇ ಉಗುರಿನ ಮೇಲೆ. ಧಾರೆಯ ನೀರು, ಅಕ್ಕಿ, ಅರಿಶಿನ, ಹೂವಿನ ಹಾರ ಇವುಗಳ ನಡುವೆ ಹೊಸದಾಗಿ ಹಾಕಿಸಿದ ಉದ್ದ ಎಕ್ಸ್‌ಟೆನ್ಷನ್‌ನೊಂದಿಗೆ ಕೈ ಆಡಿಸುವುದು ಕಷ್ಟ. ಉದ್ದವೇ ಬೇಕೆಂದಿದ್ದರೆ ಒಂದು ತಿಂಗಳ ಮೊದಲೇ ಒಮ್ಮೆ ಹಾಕಿಸಿ, ಆ ಉಗುರಿನಲ್ಲಿ ಸೀರೆಯ ನೆರಿಗೆ ಹಿಡಿಯಲು, ಕಿವಿಯೋಲೆ ತಿರುಗಿಸಲು ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಅಲರ್ಜಿಯಿದ್ದರೆ ಅದೂ ಆಗಲೇ ತಿಳಿಯುತ್ತದೆ.

ಕ್ರಮದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ನೆನೆಸುವುದು, ಸ್ಕ್ರಬ್, ಮಸಾಜ್ ಎಲ್ಲವೂ ಮೆಹೆಂದಿಗೆ ಮೊದಲು ಮುಗಿಯಬೇಕು. ಆಮೇಲೆ ತಿಕ್ಕಿದರೆ ಮೆಹೆಂದಿಯ ಬಣ್ಣ ಮಾಸುತ್ತದೆ. ಮೆಹೆಂದಿ ಕಪ್ಪಾದ ಮರುದಿನ, ಉಗುರಿನ ಮೇಲಿರುವ ಎಣ್ಣೆಯ ಅಂಶವನ್ನು ಒರೆಸಿ ಜೆಲ್ ಹಚ್ಚಬೇಕು. ಎಣ್ಣೆಯ ಮೇಲೆ ಹಚ್ಚಿದ ಜೆಲ್ ಎರಡು ದಿನದಲ್ಲಿ ತುದಿ ಬಿಡುತ್ತದೆ. ಮೆಹೆಂದಿ ಉಗುರಿಗೂ ಹತ್ತಿರುವುದರಿಂದ ಪಾರದರ್ಶಕವಾದ ತಿಳಿಗುಲಾಬಿ ಹಚ್ಚಿದರೆ ಕೆಳಗಿನ ಕಿತ್ತಳೆ ಬಣ್ಣ ಕಾಣುತ್ತದೆ, ಆದ್ದರಿಂದ ಗಾಢ ಬಣ್ಣವನ್ನೇ ಆರಿಸಿ.

ಗೋರಂಟಿ ಹಚ್ಚಿಕೊಂಡರೆ ಸಾಲದೇ?

ಎಷ್ಟೋ ಜನರಿಗೆ ಸಾಕು ಎಂದೇ ನನ್ನ ಅಭಿಪ್ರಾಯ. ಆಷಾಢದಲ್ಲಿ ಗಿಡದಿಂದ ಸೊಪ್ಪು ಕೊಯ್ದು, ಒರಳಿನಲ್ಲಿ ನುಣ್ಣಗೆ ರುಬ್ಬಿ, ಹತ್ತು ಬೆರಳಿನ ತುದಿಗೂ ಟೋಪಿಯಂತೆ ಮೆತ್ತಿಕೊಂಡು ಮಲಗುತ್ತಿದ್ದ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಉಗುರಿನ ಕೆರಾಟಿನ್ನಿಗೆ ಅಂಟಿಕೊಳ್ಳುತ್ತದೆ; ಚರ್ಮದ ಮೇಲಿನದು ಒಂದೆರಡು ವಾರದಲ್ಲಿ ಹೋದರೂ ಉಗುರಿನದು ಬೆಳೆದು ಕತ್ತರಿಸುವವರೆಗೂ ಇರುತ್ತದೆ. ಫೈಲರ್ ಬೇಡ, ಲ್ಯಾಂಪ್ ಬೇಡ, ತೆಗೆಯುವ ಮಾತೇ ಇಲ್ಲ. ಅಂಗಡಿಯ ಕೋನ್ ಕೊಳ್ಳುವಾಗ ಮಾತ್ರ ಕೆಲವೇ ನಿಮಿಷದಲ್ಲಿ ಕಡುಗಪ್ಪಾಗುತ್ತದೆ ಎನ್ನುವಂಥದ್ದನ್ನು ಬಿಡಿ. ಅಂಥವುಗಳಲ್ಲಿ ಬೆರೆಸುವ ಪಿಪಿಡಿ ಎಂಬ ರಾಸಾಯನಿಕ ಚರ್ಮವನ್ನು ಸುಟ್ಟಂತೆ ಗುಳ್ಳೆ ಏಳಿಸಬಲ್ಲದು.

ಪಾರ್ಲರ್ ಸ್ವಚ್ಛವಾಗಿದೆ ಎಂದು ಹೇಗೆ ತಿಳಿಯುವುದು?

ಉಪಕರಣಗಳನ್ನು ನೋಡಿ. ಫೈಲರ್, ಬಫರ್, ಮರದ ಕಡ್ಡಿ ಇವುಗಳನ್ನು ಪೂರ್ತಿ ಶುದ್ಧಗೊಳಿಸಲಾಗದು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು. ನಿಮ್ಮದೇ ಒಂದು ಜೊತೆ ಕೊಂಡು ಪರ್ಸಿನಲ್ಲಿಟ್ಟುಕೊಂಡರೆ ಖರ್ಚು ಬಹಳವಲ್ಲ. ಲೋಹದ ನಿಪ್ಪರ್, ಪುಷರ್‌ಗಳನ್ನು ಸೋಪಿನಿಂದ ತೊಳೆದು, ಆಮೇಲೆ ಸೋಂಕುನಿವಾರಕದಲ್ಲಿ ನೆನೆಸಬೇಕು. ಒತ್ತಡದ ಬಿಸಿ ಹಬೆಯಿಂದ ಶುದ್ಧಗೊಳಿಸುವ ಆಟೋಕ್ಲೇವ್ ಯಂತ್ರ ಇದ್ದರೆ ಅತ್ಯುತ್ತಮ. ನೀಲಿ ಬೆಳಕಿನ ಪೆಟ್ಟಿಗೆ ತೋರಿಸಿ "ಸ್ಟೆರಿಲೈಸ್ ಆಗಿದೆ" ಎಂದರೆ ಒಪ್ಪಬೇಡಿ. ಅದು ಈಗಾಗಲೇ ಶುದ್ಧವಾದುದನ್ನು ಇಟ್ಟುಕೊಳ್ಳುವ ಪೆಟ್ಟಿಗೆಯಷ್ಟೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ನಿಪ್ಪರ್ ತುದಿಯಲ್ಲಿದ್ದರೂ ಸಾಕು. ಕಿಟಕಿ ತೆರೆದಿದೆಯೇ, ಅಸಿಟೋನ್ ಬಾಟಲಿಯ ಹತ್ತಿರ ಊದುಬತ್ತಿ, ದೀಪ ಉರಿಯುತ್ತಿದೆಯೇ ಎಂಬುದನ್ನೂ ನೋಡಿ. ಅಸಿಟೋನ್ ಬಹಳ ಬೇಗ ಬೆಂಕಿ ಹಿಡಿಯುವ ದ್ರವ. ಮನೆಯಲ್ಲಿಯೂ ಗ್ಯಾಸ್ ಒಲೆಯ ಪಕ್ಕ ಕುಳಿತು ಬಣ್ಣ ತೆಗೆಯಬಾರದು.

ಯಾರು ಮೆನಿಕ್ಯೂರ್ ಮಾಡಿಸಿಕೊಳ್ಳಬಾರದು?

ಉಗುರುಸುತ್ತು, ಶಿಲೀಂಧ್ರದ ಸೋಂಕು, ಗಾಯ ಇದ್ದವರು ಗುಣವಾಗುವವರೆಗೆ ಕಾಯಬೇಕು. ಕೃತಕ ಉಗುರಿನ ಅಡಿಯಲ್ಲಿ ಹಸಿರು ಬಣ್ಣ ಕಂಡರೆ ಅದು ಬ್ಯಾಕ್ಟೀರಿಯಾದ ಸೋಂಕಿನ ಗುರುತು. ಮೇಲೆ ಇನ್ನೊಂದು ಪದರ ಹಾಕಿಸದೆ ತೆಗೆಸಿ ವೈದ್ಯರಿಗೆ ತೋರಿಸಿ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯನ್ನು ಬಣ್ಣದಿಂದ ಮುಚ್ಚಬೇಡಿ, ಚರ್ಮವೈದ್ಯರನ್ನು ಕಾಣಿ. ನಮ್ಮ ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಕಂದು ಗೆರೆ ಸಹಜವಾಗಿಯೂ ಇರುತ್ತದೆ, ಆದರೆ ಒಂಟಿ ಗೆರೆಯನ್ನು ಕಡೆಗಣಿಸಬಾರದು. ಶಸ್ತ್ರಚಿಕಿತ್ಸೆ ಅಥವಾ ಹೆರಿಗೆ ಹತ್ತಿರವಿದ್ದರೆ ಜೆಲ್, ಎಕ್ಸ್‌ಟೆನ್ಷನ್ ಬೇಡ. ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ಅಳೆಯುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡಿಯಾಗಬಹುದು, ಆ ಗಡಿಬಿಡಿಯಲ್ಲಿ ಅಸಿಟೋನ್ ಹುಡುಕುವವರು ಯಾರು?

ಒಪ್ಪಿಕೊಂಡ ಬೆಲೆಗಿಂತ ಬಿಲ್ ಹೆಚ್ಚಾಗುವುದೇಕೆ?

ದರಪಟ್ಟಿಯಲ್ಲಿರುವುದು ಹಚ್ಚುವ ಬೆಲೆ. ಹಳೆಯ ಜೆಲ್ ತೆಗೆಯುವುದಕ್ಕೆ ಬೇರೆ, ನೇಲ್ ಆರ್ಟ್‌ಗೆ ಬೆರಳಿನ ಲೆಕ್ಕದಲ್ಲಿ ಬೇರೆ, ಮುರಿದ ಒಂದು ಉಗುರಿನ ರಿಪೇರಿಗೆ ಬೇರೆ. ಕೂರುವ ಮೊದಲೇ "ತೆಗೆಯುವುದಕ್ಕೂ ಸೇರಿ ಎಷ್ಟು?" ಎಂದು ಕೇಳಿ. ತೆಗೆಯಲು ಹಣ ಉಳಿಸಲು ಹೋಗಿ ಮನೆಯಲ್ಲಿ ಕಿತ್ತವರ ಉಗುರುಗಳನ್ನೇ ನಾನು ಹೆಚ್ಚಾಗಿ ನೋಡುತ್ತಿರುವುದು.

ಜೆಲ್ ತೆಗೆಸಿದ ಮೇಲೆ ಉಗುರು ತೆಳುವಾಗಿದೆ. ಉಸಿರಾಡಲು ಬಿಡಬೇಕೇ?

ಉಗುರು ಉಸಿರಾಡುವುದಿಲ್ಲ, ಅದಕ್ಕೆ ಬೇಕಾದದ್ದೆಲ್ಲ ಬುಡದ ರಕ್ತದಿಂದಲೇ ಬರುತ್ತದೆ. ಆದರೆ ಸವೆದ ಭಾಗ ತಾನಾಗಿ ದಪ್ಪವಾಗುವುದೂ ಇಲ್ಲ, ಬೆಳೆದು ಹೊರಗೆ ಹೋಗಬೇಕಷ್ಟೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ; ಅಲ್ಲಿಯವರೆಗೆ ಗಿಡ್ಡವಾಗಿ ಕತ್ತರಿಸಿಟ್ಟುಕೊಳ್ಳಿ, ಪಾತ್ರೆ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ, ರಾತ್ರಿ ಮಲಗುವ ಮೊದಲು ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಬುಡಕ್ಕೆ ಉಜ್ಜಿ. ಕೆಲವು ವಾರಗಳಲ್ಲಿ ಬುಡದಿಂದ ಹೊಸ ನುಣುಪಾದ ಉಗುರು ಬರುತ್ತಿರುವುದು, ಹಳೆಯ ಒರಟು ಭಾಗಕ್ಕೂ ಅದಕ್ಕೂ ನಡುವೆ ಒಂದು ಸಣ್ಣ ಗೆರೆ ಮುಂದಕ್ಕೆ ಸರಿಯುತ್ತಿರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಗೆರೆ ಬೆರಳ ತುದಿ ದಾಟುವವರೆಗೆ ಮತ್ತೆ ಜೆಲ್ ಹಚ್ಚಿಸಬೇಡಿ.